ದೂರದ ಬೆಟ್ಟಕ್ಕೆ ಊರಲ್ಲೇ ತಾಲೀಮು

ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಇಳಿಯುವವರ ಪೈಕಿ ಅನೇಕರು ಇನ್ನೊಂದು ರೈಲಿಗಾಗಿ ಕಾಯುವವರು. ಬೆಂಗಳೂರು–ಹುಬ್ಬಳ್ಳಿ ಹಳಿಯಿಂದ ಚಿತ್ರದುರ್ಗ, ರಾಯದುರ್ಗ, ಬಳ್ಳಾರಿಯ ಕಡೆಗೆ ದಾರಿ ಕವಲೊಡೆಯುವುದು ಇಲ್ಲಿಯೇ. ಕಾಯುವ ಹೊತ್ತಿನಲ್ಲಿ ಕಣ್ಣಿಗೆ ಬೀಳುವುದು ಪ್ಲಾಟ್‌ಫಾರಂ ತುದಿಯ ಹಳದಿ ಫಲಕ. ಇಂಥ ಫಲಕಗಳಲ್ಲಿ ದಪ್ಪ ಅಕ್ಷರದ ಊರ ಹೆಸರಿನ ಕೆಳಗೆ, ಸಣ್ಣ ಅಕ್ಷರದಲ್ಲಿ, ಸಮುದ್ರಮಟ್ಟದಿಂದ ಎಷ್ಟು ಮೀಟರ್ ಎತ್ತರ ಎಂದು ಬರೆಯುವುದು ರೈಲ್ವೆಯವರ ಹಳೆಯ ವಾಡಿಕೆ. ರೈಲಿನವರನ್ನು ಬಿಟ್ಟರೆ ಆ ಅಂಕಿಯಿಂದ ಯಾರಿಗೂ ಕೆಲಸವಿಲ್ಲ. ಆದರೆ ಈ ಕಡೆಯ ಹುಡುಗನೋ ಹುಡುಗಿಯೋ ಹಿಮಾಲಯದ ಚಾರಣಕ್ಕೆ ಹೆಸರು ಕೊಟ್ಟ ದಿನದಿಂದ ಅದಕ್ಕೊಂದು ಅರ್ಥ ಬರುತ್ತದೆ.

ಬಯಲುಸೀಮೆಯ ಈ ಭಾಗವೆಲ್ಲ ಸಾವಿರ ಮೀಟರಿಗಿಂತ ಕೆಳಗೇ ಇದೆ. ಚಿತ್ರದುರ್ಗ ಪಟ್ಟಣದ ಎತ್ತರ 732 ಮೀಟರ್. ಕರ್ನಾಟಕದ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಲಡಾಖಿನ ಲೇಹ್ ಪಟ್ಟಣದ ಪೇಟೆಬೀದಿ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ದುರ್ಗದ ಜೋಗಿಮಟ್ಟಿಯನ್ನು ಎತ್ತಿಟ್ಟರೂ ಆ ಪೇಟೆಯ ಎತ್ತರ ಬರುವುದಿಲ್ಲ. ಚಾರಣ ಶುರುವಾಗುವುದೇ ಅಲ್ಲಿಂದ ಮೇಲಕ್ಕೆ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಕಟ್ಟಿದವರು ಯಾವ ಬೆಟ್ಟ ನೋಡಿದ್ದರೋ ತಿಳಿಯದು. ಮಾತು ಮಾತ್ರ ಹಿಮಾಲಯಕ್ಕೇ ಹೇಳಿದಂತಿದೆ.

ಮನೆಯಲ್ಲಿ ಈ ಸುದ್ದಿ ಎತ್ತಿದ ದಿನ ತಾಯಿ ಕೇಳುವ ಮೊದಲ ಪ್ರಶ್ನೆ ಚಳಿಯದು, ಎರಡನೆಯದು ಊಟದ್ದು. ತಂದೆಯ ಪ್ರಶ್ನೆ ದುಡ್ಡಿನದು. ಮೂರೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ್ದು ಬೇರೆ: ಮೂರು ಸಾವಿರ ಮೀಟರಿನ ಮೇಲೆ ಮೊದಲ ರಾತ್ರಿ ಎಲ್ಲಿ ಮಲಗುತ್ತೀರಿ, ಮರುದಿನ ಎಷ್ಟು ಮೇಲೆ ಮಲಗುತ್ತೀರಿ, ನಡುವೆ ಎಷ್ಟು ದಿನ ಸುಮ್ಮನಿರುತ್ತೀರಿ? ಈ ಮೂರಕ್ಕೆ ಉತ್ತರವಿಲ್ಲದ ಪ್ರವಾಸದಲ್ಲಿ ಎಷ್ಟು ಒಳ್ಳೆಯ ಬೂಟಿದ್ದರೂ ಉಪಯೋಗವಿಲ್ಲ.

ಕಾರಣ ಗಾಳಿ. ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆ ಎಂದು ಎಷ್ಟೋ ವಿದ್ಯಾರ್ಥಿಗಳು ಬರೆಯುವುದುಂಟು. ಪಾಲು ಅಷ್ಟೇ, ನೂರಕ್ಕೆ 21. ಕಡಿಮೆಯಾಗುವುದು ಗಾಳಿಯ ಒತ್ತಡ. ಲೇಹ್‌ನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕಡಲತೀರದಲ್ಲಿ ಸಿಗುವುದರ ಮೂರನೇ ಎರಡರಷ್ಟು. 5,500 ಮೀಟರಿನಲ್ಲಿ ಅರ್ಧ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ತನ್ನದೇ ಗತಿಯಲ್ಲಿ. ಉಸಿರಾಟ ಹೆಚ್ಚಾಗುವುದು, ಮೂತ್ರಪಿಂಡಗಳು ರಕ್ತದ ಆಮ್ಲ–ಕ್ಷಾರದ ಸಮತೋಲವನ್ನು ಸರಿಮಾಡಿಕೊಳ್ಳುವುದು, ಕೆಂಪು ರಕ್ತಕಣಗಳು ಹೆಚ್ಚುವುದು, ಇವೆಲ್ಲಕ್ಕೆ ದಿನಗಳು, ಕೆಲವಕ್ಕೆ ವಾರಗಳು ಬೇಕು. ಈ ಅವಸರವಿಲ್ಲದ ಕೆಲಸಕ್ಕೆ ಮುಂಗಡ ತಾಲೀಮು ಬಯಲುಸೀಮೆಯಲ್ಲಿ ಸಾಧ್ಯವಿಲ್ಲ. ಕೋಟೆಯ ಮೆಟ್ಟಿಲನ್ನು ದಿನಕ್ಕೆ ಹತ್ತು ಸಲ ಹತ್ತಿದರೂ ಇಲ್ಲ, ಗರಡಿಯಲ್ಲಿ ಸಾವಿರ ಬಸ್ಕಿ ಹೊಡೆದರೂ ಇಲ್ಲ.

ವೈದ್ಯರು ಕಂಡಿರುವ ಸಂಗತಿಯೊಂದು ಪೋಷಕರಿಗೆ ವಿಚಿತ್ರವಾಗಿ ಕೇಳಿಸಬಹುದು. ಗಟ್ಟಿಮುಟ್ಟಾದ ಮೈ ಎತ್ತರದ ಕಾಯಿಲೆಗೆ ರಕ್ಷಣೆಯಲ್ಲ. ಕಬಡ್ಡಿ ತಂಡದ ನಾಯಕನಿಗೂ ಬರಬಹುದು, ಮೇಷ್ಟರಿಗೆ ಬಾರದೆ ಇರಬಹುದು. ಕಾಲಲ್ಲಿ ಕಸುವಿರುವ ಹುಡುಗರು ಎಲ್ಲರಿಗಿಂತ ಮೊದಲು ಮೇಲೆ ಸೇರಬೇಕೆಂದು ಓಡುತ್ತಾರೆ. ಸಂಜೆ ತಲೆ ಹಿಡಿದು ಕೂರುವವರೂ ಬಹುಮಟ್ಟಿಗೆ ಅವರೇ. ನಿಧಾನವೇ ಪ್ರಧಾನ ಎಂಬ ಮಾತಿಗೆ ಅಲ್ಲಿ ವೈದ್ಯಶಾಸ್ತ್ರದ ಮೊಹರು ಇದೆ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಮೇಲೇರದೆ ನಿಲ್ಲಬೇಕು ಎಂಬುದು ಲೋಕವೆಲ್ಲ ಒಪ್ಪಿರುವ ಸೂತ್ರ. ಹಗಲು ಎಷ್ಟು ಎತ್ತರಕ್ಕೆ ಹೋಗಿಬಂದರೂ ರಾತ್ರಿ ಎಲ್ಲಿ ಮಲಗಿದ್ದೀರಿ ಎಂಬುದೇ ಲೆಕ್ಕ.

ಹಾಗಾದರೆ ಊರಿನಲ್ಲಿ ಮಾಡುವ ತಯಾರಿ ವ್ಯರ್ಥವೇ? ಅಲ್ಲ. ಗಾಳಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಊರಿನಲ್ಲೇ ಕಲಿಯಬೇಕಾದ್ದು. ಕಾಲು, ಬೆನ್ನು, ಬೂಟು, ಹೊಟ್ಟೆ, ಅಭ್ಯಾಸ ಇವನ್ನೆಲ್ಲ ಇಲ್ಲೇ ಪಳಗಿಸಿಕೊಂಡು ಹೋದವನಿಗೆ ಅಲ್ಲಿ ಎದುರಿಸಬೇಕಾದ ಹೊಸತು ಒಂದೇ ಇರುತ್ತದೆ. ಪಳಗಿಸದೆ ಹೋದವನಿಗೆ ಕಾಲಿನ ಬೊಬ್ಬೆ, ಹೆಗಲಿನ ನೋವು, ಮಂಡಿಯ ಉಳುಕು ಎಲ್ಲ ಒಟ್ಟಿಗೆ ಬಂದು, ಯಾವುದು ಆಯಾಸ ಯಾವುದು ಕಾಯಿಲೆ ಎಂದು ಗೊತ್ತಾಗುವುದೇ ಇಲ್ಲ. ಅಪಾಯ ಇರುವುದು ಆ ಗೊಂದಲದಲ್ಲಿ.

ಹೊರಡುವುದಕ್ಕೆ ಮೂರು ತಿಂಗಳು ಮೊದಲು ಶುರುಮಾಡಿದರೆ ಸಾಕು. ಮೊದಲ ಮೂರು ವಾರ ಬೆನ್ನ ಮೇಲೆ ಏನೂ ಇಲ್ಲದೆ, ಕೆರೆ ಏರಿಯ ಮೇಲೋ ತೋಟದ ದಾರಿಯಲ್ಲೋ ಬೆಳಗಿನ ಜಾವ ಒಂದು ಗಂಟೆ ಬಿರುಸು ನಡಿಗೆ. (ರೈಲು ಹಳಿಯ ಪಕ್ಕದ ದಾರಿ ಸಪಾಟಾಗಿದೆಯೆಂದು ಅಲ್ಲಿ ನಡೆಯುವವರಿದ್ದಾರೆ. ಅದು ಕಾನೂನಿಗೂ ವಿರುದ್ಧ, ಜೀವಕ್ಕೂ ಎರವು.) ಆಮೇಲೆ ಚೀಲ ಹೊರಬೇಕು. ಮೊದಲ ವಾರ ಮೂರು ಕಿಲೋ ರಾಗಿ, ಮುಂದಿನ ವಾರ ಐದು, ಹೀಗೆ ಏರಿಸುತ್ತ ಹತ್ತರ ಹತ್ತಿರಕ್ಕೆ ಬರಬೇಕು. ಬೆಟ್ಟ ಹತ್ತುವ ದಿನ ರಾಗಿಯ ಬದಲು ನೀರಿನ ಬಾಟಲಿಗಳನ್ನು ತುಂಬಿಕೊಳ್ಳುವುದು ಹಳೆಯ ಚಾರಣಿಗರ ಜಾಣತನ. ತುದಿ ಮುಟ್ಟಿದ ಮೇಲೆ ನೀರನ್ನು ಯಾವುದಾದರೂ ಗಿಡದ ಬುಡಕ್ಕೆ ಸುರಿದು ಹಗುರಾಗಿ ಇಳಿಯಬಹುದು, ಮಂಡಿ ಉಳಿಯುತ್ತದೆ. ಇಳಿಯುವುದಕ್ಕೂ ಅಭ್ಯಾಸ ಬೇಕು ಎಂಬುದನ್ನು ಮಾತ್ರ ಮರೆಯುವಂತಿಲ್ಲ. ಹತ್ತುವಾಗ ಏದುಸಿರು, ಇಳಿಯುವಾಗ ತೊಡೆಯ ನಡುಕ. ಮೊದಲನೆಯದು ಹತ್ತು ನಿಮಿಷ ಕುಳಿತರೆ ಹೋಗುತ್ತದೆ, ಎರಡನೆಯದು ಮೂರು ದಿನ ಕಾಡುತ್ತದೆ.

ಬೆಟ್ಟಕ್ಕೆ ಈ ಕಡೆಯವರು ದೂರ ಹೋಗಬೇಕಿಲ್ಲ. ದುರ್ಗದ ಏಳುಸುತ್ತಿನ ಕೋಟೆಯೇ ಇದೆ. ಬಂಡೆಯ ಮೇಲೆ ಕಾಲಿಡುವುದು ಹೇಗೆ, ಇಳಿಜಾರಿನಲ್ಲಿ ಮೈಭಾರವನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅದರ ಕಲ್ಲುಗಳಷ್ಟು ಚೆನ್ನಾಗಿ ಯಾವ ಪುಸ್ತಕವೂ ಹೇಳಿಕೊಡದು. ಕೋಟೆಯ ಗೋಡೆಯನ್ನು ಹಗ್ಗವಿಲ್ಲದೆ ಏರಿ ನಾಡಿಗೆಲ್ಲ ಹೆಸರಾದ ಜ್ಯೋತಿರಾಜ್ ಅವರನ್ನು ನೋಡಿ ತಾವೂ ಹಾಗೆ ಹತ್ತಲು ಹೊರಡುವ ಹುಡುಗರಿಗೆ ಒಂದು ಮಾತು: ಚಾರಣಕ್ಕೆ ಆ ವಿದ್ಯೆ ಬೇಡ. ಅಲ್ಲಿ ಬೇಕಾದ್ದು ಗೋಡೆ ಹತ್ತುವ ಕೈಯಲ್ಲ, ಹೊರೆ ಹೊತ್ತು ದಿನಕ್ಕೆ ಆರೇಳು ಗಂಟೆ ಒಂದೇ ಸಮನೆ ನಡೆಯುವ ಕಾಲು. ಕೋಟೆಯ ಹಿಂದಿನ ಜೋಗಿಮಟ್ಟಿ ಇನ್ನೂ ಒಳ್ಳೆಯ ಏರು. ಅದು ವನ್ಯಧಾಮ, ಚಿರತೆ ಕರಡಿಗಳ ಮನೆ, ಆದ್ದರಿಂದ ಅರಣ್ಯ ಇಲಾಖೆಯನ್ನು ಕೇಳಿಯೇ ಹೋಗಬೇಕು. ಕೊನೆಯ ತಿಂಗಳಲ್ಲಿ ಒಂದು ಸಲ ರೈಲು ಹತ್ತಿ ಬೀರೂರು–ಕಡೂರಿನ ಕಡೆಗೆ ಹೋಗಿ ಬಾಬಾಬುಡನ್ ಗಿರಿಶ್ರೇಣಿಯಲ್ಲಿ ಪೂರ್ತಿ ಹೊರೆಯೊಡನೆ ಎರಡು ದಿನ ನಡೆದು ಬಂದರೆ ಚೀಲದಲ್ಲಿ ಏನು ಹೆಚ್ಚಾಗಿದೆ ಎಂದು ಬೆನ್ನೇ ಹೇಳುತ್ತದೆ. ಪುಷ್ಪಗಿರಿಯ ಕುಮಾರ ಪರ್ವತ ಇದಕ್ಕಿಂತ ಕಠಿಣ. ಎತ್ತರ 1,712 ಮೀಟರೇ ಆದರೂ ಕುಕ್ಕೆ ಸುಬ್ರಹ್ಮಣ್ಯದ ತಗ್ಗಿನಿಂದ ಹತ್ತಬೇಕಾದ್ದರಿಂದ ಒಟ್ಟು ಏರಿನ ಲೆಕ್ಕದಲ್ಲಿ ಅದು ಹಿಮಾಲಯದ ಒಂದು ದಿನಕ್ಕಿಂತ ಕಡಿಮೆಯಲ್ಲ. ಅಲ್ಲಿಗೂ ಈಗ ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಬೇಕು.

ಸಾಮಾನಿನ ವಿಷಯಕ್ಕೆ ಬಂದರೆ, ಪೇಟೆಯ ಅಂಗಡಿಗಿಂತ ಮೊದಲು ಹೋಗಬೇಕಾದ್ದು ಕುರಿಹಟ್ಟಿಗೆ. ಬೇಸಿಗೆ ಬಂತೆಂದರೆ ಹಿಂಡು ಹೊಡೆದುಕೊಂಡು ಮೇವು ನೀರು ಹುಡುಕುತ್ತ ವಾರಗಟ್ಟಲೆ ನಡೆಯುವ ಕುರಿಗಾಹಿಗಳು ಈ ಜಿಲ್ಲೆಯ ನಿಜವಾದ ದೂರನಡಿಗೆಯವರು. ಹೆಗಲ ಮೇಲೆ ಚಳ್ಳಕೆರೆಯ ಕಂಬಳಿ, ಕೈಯಲ್ಲಿ ಕೋಲು. ಆ ಕಂಬಳಿ ರಾತ್ರಿ ಹಾಸಿಗೆ, ಬೆಳಗಿನ ಚಳಿಗೆ ಹೊದಿಕೆ, ಮಳೆ ಬಂದರೆ ಕೊಪ್ಪೆ. ಒಂದು ವಸ್ತುವಿಗೆ ಮೂರು ಕೆಲಸ. ಹೊರೆ ಇಳಿಸುವ ವಿದ್ಯೆಯೆಲ್ಲ ಇಷ್ಟೇ. ಉಣ್ಣೆ ನೆನೆದರೂ ಮೈಶಾಖವನ್ನು ಸಾಕಷ್ಟು ಹಿಡಿದಿಡುತ್ತದೆ. ಹತ್ತಿಬಟ್ಟೆ ನೆನೆದರೆ ಮೈಯ ಶಾಖವನ್ನೇ ಹೀರುತ್ತದೆ. ಆದ್ದರಿಂದಲೇ ಹಿಮಾಲಯದಲ್ಲಿ ಜೀನ್ಸ್ ಪ್ಯಾಂಟು ಬೇಡ, ಹತ್ತಿ ಬನಿಯನ್ ಬೇಡ. ಕಂಬಳಿ ಭಾರ, ಅದನ್ನೇ ಹೊತ್ತುಕೊಂಡು ಹೋಗೆಂದು ಯಾರೂ ಹೇಳುವುದಿಲ್ಲ. ಬೇಗ ಒಣಗುವ ತೆಳು ಅಂಗಿ, ಅದರ ಮೇಲೆ ಉಣ್ಣೆಯ ಸ್ವೆಟರು, ಅದರ ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್ಟು, ಹೀಗೆ ಪದರ ಪದರವಾಗಿದ್ದರೆ ಬೇಕಾದಾಗ ತೊಟ್ಟು ಬೇಡವಾದಾಗ ಕಳಚಬಹುದು. ಒಂದೇ ದಪ್ಪ ಕೋಟಿನಿಂದ ಈ ಅನುಕೂಲವಿಲ್ಲ. ಸ್ಲೀಪಿಂಗ್ ಬ್ಯಾಗನ್ನು ಒಂದು ಚಾರಣಕ್ಕಾಗಿ ಕೊಳ್ಳಬೇಕಿಲ್ಲ, ಮನಾಲಿ ಲೇಹ್‌ಗಳಲ್ಲಿ ಬಾಡಿಗೆಗೆ ಸಿಗುತ್ತದೆ. ಕೊಳ್ಳಲೇಬೇಕಾದ್ದು ಬೂಟು ಮತ್ತು ತಂಪುಕನ್ನಡಕ. ಹಿಮದ ಮೇಲಿನ ಬಿಸಿಲು ಬರಿಗಣ್ಣನ್ನು ಒಂದೇ ದಿನದಲ್ಲಿ ಕೆಡಿಸಬಲ್ಲದು.

ಬೂಟಿನ ವಿಷಯದಲ್ಲಿ ಜಿಪುಣತನ ಬೇಡ, ಅವಸರವಂತೂ ಬೇಡವೇ ಬೇಡ. ಸಂಜೆ ಹೊತ್ತು, ಕಾಲು ಸ್ವಲ್ಪ ಊದಿರುವಾಗ, ದಪ್ಪ ಕಾಲುಚೀಲ ಹಾಕಿಕೊಂಡು ಹೋಗಿ ಬೆರಳ ಮುಂದೆ ಒಂದಿಷ್ಟು ಜಾಗ ಉಳಿಯುವಂಥದ್ದನ್ನು ಕೊಳ್ಳಬೇಕು. ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ಒತ್ತುತ್ತದೆ. ಜಾಗವಿಲ್ಲದಿದ್ದರೆ ಉಗುರು ಕಪ್ಪಾಗುತ್ತದೆ. ಹೊಸ ಬೂಟನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟು ಚಾರಣದ ದಿನವೇ ಪೂಜೆ ಮಾಡಿ ಹಾಕಿಕೊಳ್ಳುವವರ ಕಾಲಿಗೆ ಎರಡನೇ ದಿನವೇ ಬೊಬ್ಬೆ. ಎರಡು ತಿಂಗಳಾದರೂ ಅದು ಕಾಲೇಜಿಗೆ, ಸಂತೆಗೆ, ಹೊಲಕ್ಕೆ ಬಂದು ಮಣ್ಣು ತಿಂದಿರಬೇಕು.

ಹೊಟ್ಟೆಯ ಪಾಠದಲ್ಲಿ ವಿಜ್ಞಾನದ ವಿದ್ಯಾರ್ಥಿಗಳಿಗೂ ಕೆಲಸವಿದೆ. ಮುನ್ನೂರು ಮೀಟರ್ ಏರಿದಂತೆ ನೀರು ಕುದಿಯುವ ಉಷ್ಣತೆ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಲೇಹ್‌ನಲ್ಲಿ ನೀರು 88 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದೇ ಇಲ್ಲ ಎನ್ನಬಹುದು. ಅದಕ್ಕೇ ಅಲ್ಲಿನ ಅಡುಗೆಯವರು ಪ್ರೆಷರ್ ಕುಕ್ಕರನ್ನು ಬೆಟ್ಟದ ಮೇಲಕ್ಕೂ ಹೊರಿಸಿಕೊಂಡು ಹೋಗುತ್ತಾರೆ. ಚೀಲ ತಾನೇ ಹೊರುವವರು ಬೇಯಿಸದೆ ತಿನ್ನುವ ಆಹಾರವನ್ನು ನಂಬಬೇಕು. ಇದರಲ್ಲಿ ಬಯಲುಸೀಮೆಯ ಅಡುಗೆಮನೆ ಯಾರಿಗೂ ಕಡಿಮೆಯಿಲ್ಲ. ರಾಗಿ ಹುರಿಹಿಟ್ಟಿಗೆ ಬಿಸಿನೀರು ಬೆಲ್ಲ ಬಿದ್ದರೆ ಊಟ; ಶೇಂಗಾ, ಹುರಿಗಡಲೆ, ಬೆಲ್ಲ ಜೇಬಿನಲ್ಲಿದ್ದರೆ ದಾರಿಯ ತಿಂಡಿ. ಚಟ್ನಿಪುಡಿಯ ಮಹಿಮೆ ತಿಳಿಯುವುದು ಎತ್ತರದಲ್ಲಿ ಹಸಿವೆ ಸತ್ತಾಗ. ಸಪ್ಪೆ ಅನ್ನವನ್ನು ಒಳಕ್ಕೆ ಕಳಿಸಲು ಅದಕ್ಕಿಂತ ಒಳ್ಳೆಯ ಔಷಧಿ ಇಲ್ಲ.

ಔಷಧಿಯ ಮಾತು ಬಂತು. ಹೊರಡುವ ಮೊದಲು ವೈದ್ಯರ ತಪಾಸಣೆ ಆಗಲೇಬೇಕು, ಅದೂ ಸರ್ಟಿಫಿಕೇಟಿಗೆ ಸಹಿ ಹಾಕಿಸಿಕೊಳ್ಳುವ ತಪಾಸಣೆಯಲ್ಲ. ಆಸ್ತಮಾ, ಹೃದಯದ ತೊಂದರೆ ಇದ್ದರೆ ಮುಚ್ಚಿಡಬಾರದು. ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಸಾಮಾನ್ಯ. ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನೇ ಕಡಿಮೆಯಿದ್ದು ತೆಳುಗಾಳಿಗೆ ಹೋಗುವುದು ಎರಡು ಪಟ್ಟು ಕಷ್ಟ. ಮೂರು ತಿಂಗಳು ಮೊದಲೇ ರಕ್ತ ಪರೀಕ್ಷೆ ಮಾಡಿಸಿದರೆ ಸರಿಪಡಿಸಿಕೊಳ್ಳಲು ಸಮಯವಿರುತ್ತದೆ. ಮುಟ್ಟಿನ ದಿನಗಳು ಚಾರಣಕ್ಕೆ ಅಡ್ಡಿಯಲ್ಲ. ಬೇಕಾದ್ದನ್ನು ಹೊತ್ತೊಯ್ದು, ಬಳಸಿದ್ದನ್ನು ಚೀಲದಲ್ಲಿ ಕಟ್ಟಿ ವಾಪಸು ತರುವ ಏರ್ಪಾಡಿದ್ದರೆ ಸಾಕು. ಎತ್ತರಕ್ಕೆ ಹೊಂದಿಕೊಳ್ಳಲು ನೆರವಾಗುವ ಅಸಿಟಜೋಲಮೈಡ್ ಎಂಬ ಮಾತ್ರೆಯನ್ನು ಪಕ್ಕದ ಮನೆಯವರ ಸಲಹೆಯ ಮೇಲೆ ನುಂಗುವಂತಿಲ್ಲ. ಸಲ್ಫಾ ಔಷಧಿ ಮೈಗೆ ಆಗದವರು ಅದನ್ನು ವೈದ್ಯರಿಗೆ ಹೇಳಲೇಬೇಕು.

ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದು ಈಗ ಡ್ರಾಯರಿನಲ್ಲಿ ಮಲಗಿರುವ ಆಕ್ಸಿಮೀಟರನ್ನು ಚೀಲಕ್ಕೆ ಹಾಕುವ ತಂದೆತಾಯಿಗಳಿದ್ದಾರೆ. ಹಾಕಲಿ, ಭಾರವೇನಿಲ್ಲ. ಆದರೆ ಊರಿನಲ್ಲಿ 97–98 ತೋರಿಸುವ ಯಂತ್ರ ನಾಲ್ಕು ಸಾವಿರ ಮೀಟರಿನಲ್ಲಿ ಆರೋಗ್ಯವಂತರಿಗೂ 85ರ ಆಸುಪಾಸು ತೋರಿಸಬಹುದು. ಅದನ್ನು ಕಂಡು ಗಾಬರಿಯಾಗುವುದೂ ತಪ್ಪು, ಅಂಕಿ ಚೆನ್ನಾಗಿದೆಯೆಂದು ತಲೆನೋವನ್ನು ಅಲಕ್ಷಿಸುವುದೂ ತಪ್ಪು. ತಲೆನೋವು, ವಾಕರಿಕೆ, ಊಟ ಬೇಡವೆನಿಸುವುದು, ತಲೆಸುತ್ತು ಬಂದರೆ ಅದನ್ನು ಎತ್ತರದ್ದೇ ಎಂದು ತಿಳಿದು ಅಲ್ಲಿಯೇ ನಿಲ್ಲಬೇಕು. ಕಡಿಮೆಯಾಗದಿದ್ದರೆ ಇಳಿಯಬೇಕು. ಕುಳಿತಿದ್ದಾಗಲೂ ಏದುಸಿರು, ಬಿಡದ ಕೆಮ್ಮು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಮಾತು ತೊದಲಿ, ಒಂದು ಹೆಜ್ಜೆಯ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ನೆಟ್ಟಗೆ ಹತ್ತು ಹೆಜ್ಜೆ ನಡೆಯಲಾಗದಿದ್ದರೆ ಮಿದುಳು ಊದಿಕೊಳ್ಳುತ್ತಿದೆ. ಆಗ ಬೆಳಗಾಗಲಿ ಎಂದು ಕಾಯುವಂತಿಲ್ಲ, ಜೊತೆಗೊಬ್ಬರನ್ನು ಕೊಟ್ಟು ಆ ರಾತ್ರಿಯೇ ಇಳಿಸಬೇಕು. ಈ ಒಂದು ಪ್ಯಾರಾವನ್ನು ಹೊರಡುವ ಹುಡುಗರು ಬಾಯಿಪಾಠ ಮಾಡಿದರೂ ನಷ್ಟವಿಲ್ಲ. ಕಾಯಿಲೆ ಬಿದ್ದವನು ತನಗೆ ಏನೂ ಆಗಿಲ್ಲ ಎಂದೇ ಹೇಳುತ್ತಾನೆ, ಗುರುತಿಸಬೇಕಾದವರು ಜೊತೆಯವರು.

ಎತ್ತರದಷ್ಟೇ ಕ್ರೂರವಾದದ್ದು ಹವೆ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯ ಕಡೆಯಿಂದ ಸಹಸ್ರ ತಾಲ್ ಸರೋವರಕ್ಕೆ ಹೋಗಿದ್ದ, ಬಹುಪಾಲು ಕರ್ನಾಟಕದವರೇ ಇದ್ದ 22 ಜನರ ತಂಡ ನಾಲ್ಕು ಸಾವಿರ ಮೀಟರಿಗೂ ಮೇಲೆ ಹಿಮಗಾಳಿಗೆ ಸಿಕ್ಕಿಬಿತ್ತು. ಒಂಬತ್ತು ಮಂದಿ ಮರಳಲಿಲ್ಲ. ಉಳಿದವರನ್ನು ಹೆಲಿಕಾಪ್ಟರ್‌ಗಳ ನೆರವಿನಿಂದ ಕೆಳಗಿಳಿಸಲಾಯಿತು. ಸತ್ತವರು ಬೆಟ್ಟ ಕಾಣದವರೇನೂ ಅಲ್ಲ. ಚಾರಣದಲ್ಲಿ ಪಳಗಿದವರೂ ಅವರಲ್ಲಿದ್ದರು. ಆ ವಾರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಮಕ್ಕಳ ಚಾರಣದ ಮಾತು ಅಲ್ಲಿಗೇ ನಿಂತಿರಬೇಕು. ನಿಲ್ಲಿಸುವುದು ತಂದೆತಾಯಿಗಳ ಹಕ್ಕು. ಆದರೆ ಬೇಡವೆನ್ನುವ ಮೊದಲು ಕೇಳಬಹುದಾದ ಪ್ರಶ್ನೆಗಳಿವೆ. ಕಣಿವೆ ದಾಟುವ ದಿನ ಹವೆ ಕೆಟ್ಟರೆ ಕಾಯಲು ಒಂದು ದಿನ ಹೆಚ್ಚುವರಿ ಇಟ್ಟುಕೊಂಡಿದ್ದೀರಾ? ಎಷ್ಟು ಗಂಟೆಯೊಳಗೆ ತುದಿ ತಲುಪದಿದ್ದರೆ ಹಿಂದಿರುಗುತ್ತೀರಿ? ಹಿಂದಿರುಗಬೇಕೆಂದು ಹೇಳುವವರು ಯಾರು, ಅವರ ಮಾತನ್ನು ಎಲ್ಲರೂ ಕೇಳುತ್ತಾರೆಯೇ? ವಾಪಸಾತಿಯ ರೈಲಿನ ರಿಸರ್ವೇಶನ್ನನ್ನು ಚಾರಣ ಮುಗಿಯುವ ಮರುದಿನಕ್ಕೇ ಮಾಡಿಸಿರುವ ತಂಡ ಹವೆಯನ್ನು ನೋಡುವುದಿಲ್ಲ, ಗಡಿಯಾರವನ್ನು ನೋಡುತ್ತದೆ.

ಕಾಲದ ಆಯ್ಕೆಯೂ ಮುಖ್ಯ. ಪರೀಕ್ಷೆ ಮುಗಿದು ಸಿಇಟಿ ಕಳೆದ ಮೇಲಿನ ಮೇ, ಜೂನ್ ಮೊದಲ ಭಾಗ ಹಿಮಾಚಲ–ಉತ್ತರಾಖಂಡದ ಕಾಲ. ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ನಿನ ಚಾರಣಗಳಲ್ಲಿ ವಿದ್ಯಾರ್ಥಿಗಳು ಹಿಂಡುಹಿಂಡಾಗಿ ಹೋಗುವುದು ಆಗಲೇ, ಮತ್ತು ಮೊದಲ ಸಲದವರಿಗೆ ಇಂಥ ತಂಡವೇ ಸರಿ. ಜೂನ್ ಕೊನೆಗೆ ಅಲ್ಲಿ ಮುಂಗಾರು ಇಳಿಯುತ್ತದೆ. ಜುಲೈ–ಆಗಸ್ಟಿನಲ್ಲಿ ಹೋಗಬಹುದಾದ್ದು ಮಳೆ ನೆರಳಿನ ಲಡಾಖ್ ಮತ್ತು ಸ್ಪಿತಿಗೆ. ಹಿರಿಯೂರು ಚಳ್ಳಕೆರೆಯವರಿಗೆ ಮಳೆ ನೆರಳೆಂದರೇನೆಂದು ವಿವರಿಸಬೇಕಿಲ್ಲ. ಲಡಾಖಿನ ಮಾರ್ಖಾ ಕಣಿವೆಯಲ್ಲಿ ವಾರದ ನಡಿಗೆ, ಕೊನೆಗೆ 5,200 ಮೀಟರಿನ ಆಸುಪಾಸಿನ ಕಣಿವೆದಾರಿ. ಹಳೆಯ ಪುಸ್ತಕಗಳಲ್ಲಿ ಓದಿ ದಾರ್ಚಾದಿಂದ ಪದುಮ್‌ಗೆ ನಡೆಯುವ ಕನಸು ಕಂಡವರು ತಿಳಿದಿರಲಿ, ಆ ದಾರಿಗೆ ಈಗ ರಸ್ತೆ ಬಂದಿದೆ. ರೂಪಕುಂಡದ ದಾರಿಯೂ ಹಿಂದಿನಂತಿಲ್ಲ. ಉತ್ತರಾಖಂಡದ ಹೈಕೋರ್ಟ್ 2018ರಲ್ಲಿ ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿತು.

ಹೋಗುವ ದಾರಿಯೇ ಅರ್ಧ ತಯಾರಿ. ಯಶವಂತಪುರದಿಂದ ಚಂಡೀಗಡಕ್ಕೆ ಹೋಗುವ ಕರ್ನಾಟಕ ಸಂಪರ್ಕ ಕ್ರಾಂತಿ ಚಿಕ್ಕಜಾಜೂರಿನ ಹಳಿಯ ಮೇಲೇ ಹಾದುಹೋಗುತ್ತದೆ. ಹತ್ತಲು ದಾವಣಗೆರೆಗೆ ಹೋಗಬೇಕು. ಸುಮಾರು ಎರಡು ಹಗಲು ಎರಡು ರಾತ್ರಿಯ ಪ್ರಯಾಣ. ಅಲ್ಲಿಂದ ಮನಾಲಿಯ ಬಸ್ಸು. ಮನಾಲಿಯಿಂದ ಲೇಹ್‌ಗೆ ರಸ್ತೆಯಲ್ಲಿ ಹೋಗುವವರು ಸರಚು ಎಂಬಲ್ಲಿ 4,290 ಮೀಟರಿನಲ್ಲಿ ರಾತ್ರಿ ಕಳೆಯುವ ವಾಡಿಕೆಯಿದೆ. ಎಷ್ಟೋ ಜನರಿಗೆ ತಲೆನೋವು ಹಿಡಿಯುವುದು ಅಲ್ಲೇ. ಶ್ರೀನಗರ–ಕಾರ್ಗಿಲ್ ದಾರಿ ಇದಕ್ಕಿಂತ ಸೌಮ್ಯ. ವಿಮಾನದಲ್ಲಿ ಒಂದೇ ನೆಗೆತಕ್ಕೆ ಲೇಹ್ ಮುಟ್ಟಿದವರು ಮೊದಲ ಎರಡು ದಿನ ಪೇಟೆ ಸುತ್ತುವುದನ್ನೂ ಬಿಟ್ಟು ಮಲಗಬೇಕು. ಟಿಕೆಟ್ಟಿನಲ್ಲಿ ಉಳಿಸಿದ ದಿನವನ್ನು ಹಾಸಿಗೆಯಲ್ಲಿ ತೆತ್ತಂತೆ. ಇನ್ನೊಂದು ಸಣ್ಣ ವಿಷಯ: ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ಕೆಲಸ ಮಾಡುವುದಿಲ್ಲ. ಪೋಸ್ಟ್‌ಪೇಯ್ಡ್ ಇದ್ದರೂ ಕಣಿವೆಯೊಳಗೆ ದಿನಗಟ್ಟಲೆ ಸಿಗ್ನಲ್ ಇರದು. ಯಾವ ದಿನದವರೆಗೆ ಫೋನ್ ಬರುವುದಿಲ್ಲ, ಯಾವ ದಿನ ದಾಟಿದರೆ ಯಾರನ್ನು ವಿಚಾರಿಸಬೇಕು ಎಂದು ಕ್ಯಾಲೆಂಡರಿನ ಮೇಲೆ ಬರೆದಿಟ್ಟು ಹೋದರೆ ತಾಯಿಗೆ ನಿದ್ದೆ ಬರುತ್ತದೆ.

ಹೊರಡುವ ಹಿಂದಿನ ಸಂಜೆ ಚೀಲವನ್ನು ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಬೇಕು. ಮೈತೂಕದ ಐದರಲ್ಲೊಂದು ಪಾಲು ಎಂಬುದು ಲೆಕ್ಕ. 55 ಕಿಲೋದ ಹುಡುಗಿಗೆ 11 ಕಿಲೋ. ಮೊದಲ ತೂಕ ಯಾವಾಗಲೂ ಹದಿನಾಲ್ಕೋ ಹದಿನೈದೋ ಬರುತ್ತದೆ. ಆಮೇಲೆ ಜಗಲಿಯ ಮೇಲೆ ಎಲ್ಲವನ್ನೂ ಹರವಿ ಒಂದೊಂದನ್ನೇ ಪಕ್ಕಕ್ಕಿಡುವ ಕೆಲಸ. ಎರಡನೇ ಟವೆಲ್ಲು ಹೋಗುತ್ತದೆ, ಮೂರನೇ ಪ್ಯಾಂಟು ಹೋಗುತ್ತದೆ, ದಪ್ಪ ಕಾದಂಬರಿ ಹೋಗುತ್ತದೆ. ಭಾರದ್ದು ಬೆನ್ನಿಗೆ ಒತ್ತಿ, ಹಗುರವಾದದ್ದು ತಳಕ್ಕೆ, ಮಳೆಯ ಜಾಕೆಟ್ಟು ಎಲ್ಲಕ್ಕೂ ಮೇಲೆ. ಸೊಂಟದ ಪಟ್ಟಿ ಬಿಗಿದರೆ ಹೊರೆಯ ಬಹುಭಾರ ಹೆಗಲಿನಿಂದ ಸೊಂಟಕ್ಕೆ ಇಳಿಯುತ್ತದೆ. ಕೊನೆಗೆ ಉಳಿಯುವುದು ಅಜ್ಜಿ ತುಂಬಿಕೊಟ್ಟ ಚಕ್ಕುಲಿಯ ಸ್ಟೀಲ್ ಡಬ್ಬಿ. ಡಬ್ಬಿ ಮನೆಯಲ್ಲೇ ಉಳಿಯುತ್ತದೆ. ಚಕ್ಕುಲಿ ದಾವಣಗೆರೆಯ ರೈಲು ಬರುವ ಹೊತ್ತಿಗೆ ಖಾಲಿಯಾಗಿರುತ್ತದೆ.